ಎರಡು ಬೀದಿ ಆಚೆ ನಿಂತ ವ್ಯಾನು

ಹೋದ ಗುರುವಾರ ನಮ್ಮ ಡ್ರೈವರ್ ಅನ್ವರ್ ಮನೆಗೆ ಬಂದು ಒಂದು ಕವರು ಕೊಟ್ಟು ಹೋದ. ಒಳಗೆ ಡಾಕ್ಟರ್ ಮೇಡಂ ಬರೆದ ಚೀಟಿ ಇತ್ತು. 'ಸರೋಜಾ, ಈ ಸಲ ಆರು ಜನ ಹೊಸ ಹುಡುಗಿಯರು ಸೇರ್ತಿದ್ದಾರೆ. ನಿನ್ನ ಅನುಭವದ್ದು ನಾಲ್ಕು ಮಾತು ಬರೆದುಕೊಡು.' ನಾಲ್ಕು ಮಾತಿನಲ್ಲಿ ಮುಗಿಯುವಂಥ ಅನುಭವವಾಗಿದ್ದರೆ ಇಷ್ಟು ಹೊತ್ತಿಗೆ ನನಗೇ ಮರೆತು ಹೋಗಿರುತ್ತಿತ್ತು. ಜೊತೆಗೆ ಹೊಸದಾಗಿ ಅಚ್ಚಾದ ನಿಯಮಗಳ ಪುಸ್ತಕವೂ ಇತ್ತು. ನಾನು ಮೊದಲು ತೆಗೆದು ನೋಡಿದ್ದು ಹದಿನೇಳನೆಯ ನಿಯಮ. ಅದು ಹಾಗೇ ಇದೆ: 'ಮನೆಯವರು ತಾವಾಗಿ ಹೇಳಿದ ಹೊರತು ಯಾವ ಮನೆಯ ಮುಂದೆಯೂ ವಾಹನ ನಿಲ್ಲಿಸಬಾರದು. ಮೈದಾನ, ಬಸ್ ಸ್ಟಾಪು ಇಂಥ ಕಡೆ ನಿಲ್ಲಿಸಿ ನಡೆದು ಹೋಗಬೇಕು.'

ಬಿಸಿಲಲ್ಲಿ ಬ್ಯಾಗು ಹೊತ್ತು ಮೈದಾನದಿಂದ ನಡೆಯುವಾಗ ಈ ನಿಯಮ ಬರೆದವರನ್ನು ನೀವು ಬೈಯುತ್ತೀರಿ ಎಂದು ನನಗೆ ಗೊತ್ತು. ಬೈಯಿರಿ. ಅದನ್ನು ಬರೆಸಿದವಳು ನಾನೇ. ಯಾಕೆ ಬರೆಸಿದೆ ಎನ್ನುವುದನ್ನು ಮಾತ್ರ ಇಲ್ಲಿ ಹೇಳುತ್ತೇನೆ, ಉಳಿದದ್ದು ಕೆಲಸ ಮಾಡ್ತಾ ಮಾಡ್ತಾ ನಿಮಗೇ ತಿಳಿಯುತ್ತದೆ.

ನಮ್ಮದು ವಾಸಿಯಾಗದ ಕಾಯಿಲೆಯವರನ್ನು ಅವರವರ ಮನೆಯಲ್ಲೇ ಕೊನೆಯವರೆಗೆ ನೋಡಿಕೊಳ್ಳುವ ಸಂಸ್ಥೆ. ಶಿವಮೊಗ್ಗದಲ್ಲಿ ಆಫೀಸು. ಸೋಮವಾರ ಊರೊಳಗೆ, ಮಂಗಳವಾರ ಆಯನೂರು ಕಡೆ, ಗುರುವಾರ ಭದ್ರಾವತಿ, ಹೀಗೆ ವಾರಕ್ಕೊಂದು ಸಲ ಒಂದೊಂದು ದಿಕ್ಕು. ನೋವಿಗೆ ಮಾತ್ರೆ, ಗಾಯಕ್ಕೆ ಡ್ರೆಸ್ಸಿಂಗು, ಮಲಗಿದ್ದಲ್ಲೇ ಇರುವವರಿಗೆ ಗಾಳಿ ಹಾಸಿಗೆ. ಇಷ್ಟು ಹೇಳಿದರೆ ಕೆಲಸ ಹೇಳಿದಂತಾಯಿತು ಎಂದು ನಾನೂ ಮೊದಮೊದಲು ಅಂದುಕೊಂಡಿದ್ದೆ.

ಸೇರಿದ ಮೊದಲ ವಾರ ಒಬ್ಬ ಅಜ್ಜನ ಮನೆಗೆ ಹೋಗಿ, ಬಾಗಿಲಲ್ಲಿ ನಿಂತುಕೊಂಡೇ, ದೊಡ್ಡಾಸ್ಪತ್ರೆಯ ವಾರ್ಡಿನ ಅಭ್ಯಾಸದಲ್ಲಿ "ಏನ್ ಅಜ್ಜಾ, ಚೆನ್ನಾಗಿದೀರಾ?" ಎಂದುಬಿಟ್ಟೆ. ಅಜ್ಜ ಕಣ್ಣು ಬಿಟ್ಟು "ಚೆನ್ನಾಗಿದ್ದಿದ್ರೆ ನೀನ್ಯಾಕೆ ಬರ್ತಿದ್ದೆ ಮಗಳೇ" ಎಂದರು. ಹೊರಗೆ ಬಂದ ಮೇಲೆ ಡಾಕ್ಟರ್ ಮೇಡಂ ನನ್ನ ನೀರಿಳಿಸಿದ್ದು ಹೀಗೆ: "ಇನ್ನುಮೇಲೆ ಮೊದ್ಲು ಕೂತ್ಕೋ. ಆಮೇಲೆ ಬಾಯಿ ಬಿಡು. ನಿಂತ್ಕೊಂಡು ಮಾತಾಡಿದ್ರೆ ಯಾವಾಗ ಹೊರಡ್ತಾಳೋ ಅಂತ ಅವರು ಕಾಯ್ತಿರ್ತಾರೆ." ಮೇಡಂ ಬೈದರೆ ಅಳು ಬರುತ್ತದೆ, ಆದರೆ ಬೈದದ್ದು ಮರೆಯುವುದಿಲ್ಲ. ನಿಮಗೂ ಅನುಭವವಾಗುತ್ತದೆ ಬಿಡಿ.

ಆಗ ಈ ಕಾಯಿಲೆಯ ಹೆಸರನ್ನೇ ಯಾರೂ ಹೇಳುತ್ತಿರಲಿಲ್ಲ. 'ಅದು' ಎನ್ನುತ್ತಿದ್ದರು. ನಮ್ಮ ವ್ಯಾನಿನ ಎರಡೂ ಪಕ್ಕದಲ್ಲಿ ಸಂಸ್ಥೆಯ ಹೆಸರು, ಮಾಡುವ ಕೆಲಸ ಎಲ್ಲ ನೀಲಿ ಅಕ್ಷರದಲ್ಲಿ ಬರೆದಿತ್ತು. ಹಾಗಾಗಿ ಪ್ರತಿ ಮನೆಯವರದೂ ಮೊದಲ ಬೇಡಿಕೆ ಒಂದೇ: ವ್ಯಾನು ದೂರ ನಿಲ್ಲಿಸಿ. ನಾವು ಎರಡು ಬೀದಿ ಆಚೆ ನಿಲ್ಲಿಸಿ, ಕೊರಳಿನ ಕಾರ್ಡು ತೆಗೆದು ಬ್ಯಾಗಿಗೆ ಹಾಕಿಕೊಂಡು, ನೆಂಟರ ಮನೆಗೆ ಹೋಗುವವರ ಥರ ನಡೆದು ಹೋಗುತ್ತಿದ್ದೆವು. ಅಕ್ಕಪಕ್ಕದವರು ಕೇಳಿದರೆ ಮನೆಯವರು ನಮಗೊಂದು ವೇಷ ಕಟ್ಟುತ್ತಿದ್ದರು. ನಾನು ವಿಮೆಯವಳಾಗಿದ್ದೇನೆ, ಸೀರೆ ಕಂತಿನವಳಾಗಿದ್ದೇನೆ, ಸೊಸೆಯ ದೊಡ್ಡಮ್ಮನ ಮಗಳಾಗಿದ್ದೇನೆ. ಆಯನೂರಿನ ಒಂದು ಮನೆಯಲ್ಲಿ ಹೊಲಿಗೆ ಟೀಚರ್ ಆಗಿದ್ದೆ. ಪಕ್ಕದ ಮನೆಯ ಅಜ್ಜಿ ಅದನ್ನು ನಂಬಿ ಎರಡು ರವಿಕೆ ಬಟ್ಟೆ ತಂದು ಕೊಟ್ಟು "ಮುಂದಿನ ವಾರ ಬರೋವಾಗ ತಂದ್ಬಿಡಮ್ಮ" ಎಂದರು. ಏನು ಮಾಡುವುದು? ಶಿವಮೊಗ್ಗದಲ್ಲಿ ಟೈಲರ್ ಹತ್ತಿರ ಹೊಲಿಸಿ ಕೊಟ್ಟೆ. ತೋಳು ಬಿಗಿಯಾಯಿತು ಎಂದು ಅಜ್ಜಿ ಬೀದಿಯಲ್ಲಿ ನಿಲ್ಲಿಸಿ ನನಗೆ ಮಂಗಳಾರತಿ ಎತ್ತಿದರು. ಅನ್ವರ್ ಶಿವಮೊಗ್ಗ ಮುಟ್ಟುವ ತನಕ ನಗುತ್ತಲೇ ಇದ್ದ.

ನಗು ಬರುವುದು ಅಲ್ಲಿಗೇ ನಿಲ್ಲುತ್ತಿತ್ತು. ಆರು ತಿಂಗಳು ಒಬ್ಬರ ಮೈ ತೊಳೆದಿರುತ್ತೀರಿ, ಅವರು ಗಂಡನಿಗೂ ಹೇಳದ್ದನ್ನು ನಿಮಗೆ ಹೇಳಿರುತ್ತಾರೆ. ಅವರು ಹೋದ ದಿನ ಆ ಮನೆಯಲ್ಲಿ ನಿಮಗೆ ಜಾಗವಿಲ್ಲ. ನೆಂಟರೆಲ್ಲ ಸೇರಿರುತ್ತಾರೆ, ಯಾರಿವರು ಎಂದು ಕೇಳುತ್ತಾರೆ, ಸೀರೆ ಕಂತಿನವಳು ಹೆಣದ ಮುಂದೆ ಕೂತು ಅಳುವುದು ಹೇಗೆ? ಗೇಟಿನ ಹೊರಗೆ ಎರಡು ನಿಮಿಷ ನಿಂತು ಬಂದದ್ದೇ ಹೆಚ್ಚು. ಇಪ್ಪತ್ತು ವರ್ಷದಲ್ಲಿ ನಾನು ತಿಥಿಯ ಊಟಕ್ಕೆ ಕೂತದ್ದು ಒಂದೇ ಒಂದು ಮನೆಯಲ್ಲಿ. ಈಗ ಹೇಳುವುದು ಆ ಮನೆಯ ಕಥೆ.

ಭದ್ರಾವತಿಯಲ್ಲಿ ಗಿರಿಜಮ್ಮ ಎಂದು ಒಬ್ಬರಿದ್ದರು. ನಲವತ್ತೆಂಟು ವರ್ಷ. ಗಂಡ ಶಿವಾನಂದಪ್ಪ ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಕೆಲಸ ಮಾಡುತ್ತಿದ್ದರು. ಒಬ್ಬಳೇ ಮಗಳು ವಿದ್ಯಾ. ಗಿರಿಜಮ್ಮನ ಎಡ ಎದೆಯಲ್ಲಿ ಗಾಯ ಒಡೆದಿತ್ತು. ಆ ಗಾಯಕ್ಕೆ ವಾಸನೆ ಬರುತ್ತದೆ. ಮಾತ್ರೆ ಪುಡಿ ಮಾಡಿ ಗಾಯದ ಮೇಲೆ ಉದುರಿಸಿ ಕಟ್ಟಿದರೆ ಕಡಿಮೆಯಾಗುತ್ತದೆ, ಅದನ್ನು ನಿಮಗೆ ಕಲಿಸುತ್ತಾರೆ. ಗಿರಿಜಮ್ಮನಿಗೆ ಮಾತ್ರ ವಾಸನೆ ಬೀದಿಗೆ ಹೋಗುತ್ತದೆ ಎಂದು ಜೀವ ಹೋಗುವಷ್ಟು ಭಯ. ಬೆಳಗ್ಗೆಯಿಂದ ಸಂಜೆಯವರೆಗೆ ಊದಿನಕಡ್ಡಿ ಹಚ್ಚಿಸುತ್ತಿದ್ದರು. ಬೀದಿಯವರು ಅವರನ್ನು ಮಹಾ ಶಿವಭಕ್ತೆ ಎಂದುಕೊಂಡಿದ್ದರು.

ಭಯಕ್ಕೆ ಕಾರಣವಿತ್ತು. ವಿದ್ಯಾಗೆ ತರೀಕೆರೆ ಕಡೆಯ ಒಂದು ಸಂಬಂಧ ಮಾತಾಡುತ್ತಿದ್ದರು. ತಾಯಿಗೆ ಬಂದದ್ದು ಮಗಳಿಗೂ ಬರುತ್ತದೆ ಎಂದು ಗಂಡಿನವರು ಹಿಂದೆ ಸರಿದರೆ ಏನು ಗತಿ ಎಂದು ಗಂಡ ಹೆಂಡತಿ ಇಬ್ಬರೂ ನನ್ನ ಕೈ ಹಿಡಿದು ಕೇಳಿಕೊಂಡರು. "ಸಿಸ್ಟರ್, ಒಂದು ನರಪಿಳ್ಳೆಗೂ ಗೊತ್ತಾಗ್ಬಾರ್ದು." ನಾನು ಆಯಿತು ಎಂದೆ.

ಆ ಮನೆಯ ಹಿಂದೆ ಒಂದು ಸಂದಿ ಇತ್ತು. ಸಂದಿಯ ಆಚೆ ಬೀದಿಯಲ್ಲಿ ಒಂದು ಹೊಂಗೆ ಮರ, ಮರದ ಪಕ್ಕ ಸೆಲ್ವಿಯ ಮನೆ. ಸೆಲ್ವಿ ಗಂಡನನ್ನು ಕಳೆದುಕೊಂಡವಳು. ಅತ್ತೆಯನ್ನು ಇಟ್ಟುಕೊಂಡು ಮನೆಯಲ್ಲೇ ಇಡ್ಲಿ ಮಾಡಿ ಮಾರುತ್ತಿದ್ದಳು. ಬೆಳಗ್ಗೆ ಆರಕ್ಕೆ ಶುರುವಾದರೆ ಎಂಟಕ್ಕೆ ಪಾತ್ರೆ ಖಾಲಿ. ಅನ್ವರ್ ಅವಳ ಚಟ್ನಿಗೆ ಬಿದ್ದುಹೋಗಿದ್ದ. "ಅರೆ ಸಿಸ್ಟರ್, ಇಲ್ಲಿ ನೆರಳೂ ಇದೆ, ನಾಷ್ಟಾನೂ ಇದೆ. ಬೇರೆ ಕಡೆ ಯಾಕೆ ಹೋಗ್ಬೇಕು?" ಎಂದ. ನನಗೂ ಸರಿ ಅನ್ನಿಸಿತು. ಪ್ರತಿ ಗುರುವಾರ ಎಂಟೂವರೆಗೆ ವ್ಯಾನು ಸೆಲ್ವಿಯ ಮನೆ ಮುಂದೆ ನಿಲ್ಲುವುದು, ಅವಳು ಎತ್ತಿಟ್ಟ ಒಂದು ಪ್ಲೇಟು ಇಡ್ಲಿಯನ್ನು ಅನ್ವರ್ ಕಟ್ಟೆಯ ಮೇಲೆ ಕೂತು ತಿನ್ನುವುದು, ನಾನು ಸಂದಿಯಲ್ಲಿ ನುಸುಳಿ ಗಿರಿಜಮ್ಮನ ಹಿತ್ತಲ ಬಾಗಿಲಿಗೆ ಹೋಗುವುದು. ಮೂರು ತಿಂಗಳು ಹೀಗೇ ನಡೆಯಿತು. ಎಷ್ಟು ಜಾಣತನದಿಂದ ಗುಟ್ಟು ಕಾಪಾಡುತ್ತಿದ್ದೇನೆ ಎಂದು ನನಗೆ ನನ್ನ ಮೇಲೆ ಹೆಮ್ಮೆ ಬೇರೆ.

ಒಂದು ಗುರುವಾರ ನಾನು ಸಂದಿಯಿಂದ ಹೊರಗೆ ಬಂದಾಗ ಸೆಲ್ವಿ ವ್ಯಾನಿನ ಪಕ್ಕ ನಿಂತಿದ್ದಳು.

"ಸಿಸ್ಟರ್, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಈ ವ್ಯಾನು ಯಾರ ಮನೆಗೆ ಬರ್ತದೆ?"

"ಯಾಕಮ್ಮಾ?"

"ನಮ್ಮತ್ತೆಗೆ ಹುಣ್ಣಂತೆ. ಅದೇ ಕೈಯಲ್ಲಿ ಹಿಟ್ಟು ರುಬ್ಬುತಾರಂತೆ. ಬೀದಿಯೆಲ್ಲಾ ಹಂಗೇ ಮಾತಾಡ್ತದೆ. ಎರಡು ವಾರದಿಂದ ಅರ್ಧ ಇಡ್ಲಿ ಹಂಗೇ ಉಳೀತಿದೆ ಸಿಸ್ಟರ್. ಎಮ್ಮೆಗೆ ಹಾಕ್ತಿದೀನಿ."

ಒಳಗೆ ಅತ್ತೆ ಗುಂಡುಕಲ್ಲಿನ ಹಾಗೆ ಕೂತು ಎಲೆಯಡಿಕೆ ಕುಟ್ಟುತ್ತಿದ್ದರು. ಅದನ್ನು ಕಂಡೂ ನನ್ನ ಬಾಯಿಂದ ಬಂದದ್ದು ಸುಳ್ಳು. "ನಾವು ಸುಮ್ನೆ ಈ ಕಡೆ ಸರ್ವೇಗೆ ಬರ್ತೀವಿ ಕಣಮ್ಮ" ಎಂದೆ.

"ಸರ್ವೇ ಅಂದ್ರೆ ನಮ್ಮನೆಗೆ ಯಾಕೆ ಬರ್ಲಿಲ್ಲ?" ಎಂದಳು ಸೆಲ್ವಿ. ನಾನು ಬ್ಯಾಗನ್ನು ವ್ಯಾನಿನೊಳಗೆ ಇಟ್ಟೆ. ಅವಳು ಧ್ವನಿ ತಗ್ಗಿಸಿದಳು. "ಒಂದೇ ಒಂದು ಮಾತು ಹೇಳಿ ಸಾಕು. ಸೆಲ್ವಿ ಮನೇಲಿ ಯಾರಿಗೂ ಏನೂ ಇಲ್ಲ ಅಂತ ಆ ಅಂಗಡಿ ಮುಂದೆ ನಿಂತು ಹೇಳ್ಬಿಡಿ. ನೀವು ಹೇಳಿದ್ರೆ ನಂಬ್ತಾರೆ."

ಹೇಳಬಹುದಿತ್ತು. ಹೇಳಿದರೆ ಮುಂದಿನ ಪ್ರಶ್ನೆ ಏನು ಎಂದು ನಿಮಗೂ ಗೊತ್ತಲ್ಲ? ಹಾಗಾದರೆ ಯಾರ ಮನೆಯಲ್ಲಿ? ಇರುವುದು ಹಿಂದೆ ಮುಂದೆ ಸೇರಿ ಹತ್ತೋ ಹನ್ನೆರಡೋ ಮನೆ. ಸಂಜೆಯೊಳಗೆ ಮಾತು ಗಿರಿಜಮ್ಮನ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. "ನೋಡ್ತೀನಮ್ಮ" ಎಂದು ವ್ಯಾನು ಹತ್ತಿದೆ.

ಡಾಕ್ಟರ್ ಮೇಡಂಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಪೇಷಂಟಿನ ಗುಟ್ಟು ಪೇಷಂಟಿಂದು. ಬಿಚ್ಚೋ ಹಕ್ಕು ನಿಂಗೂ ಇಲ್ಲ, ನಂಗೂ ಇಲ್ಲ" ಎಂದರು. "ಹಂಗಾದ್ರೆ ಸೆಲ್ವಿ ಹೊಟ್ಟೆಪಾಡು ಮೇಡಂ?" ಎಂದೆ. "ವ್ಯಾನ್ ನಿಲ್ಸೋ ಜಾಗ ಬದಲಾಯಿಸಿ" ಎಂದರು. ಅವರ ಮುಖವೂ ಸಪ್ಪಗಿತ್ತು.

ವ್ಯಾನು ಮೈದಾನಕ್ಕೆ ಹೋಯಿತು. ಆದದ್ದೇ ಬೇರೆ. 'ಈಗ ವ್ಯಾನು ಬರೋದೂ ನಿಂತಿದೆ, ಡಾಕ್ಟ್ರು ಕೈಬಿಟ್ಟಿದಾರೆ, ಇನ್ನೇನು ಮುದುಕಿ ಹೋಗೋದೇ' ಎಂದು ಬೀದಿ ಮಾತಾಡಿಕೊಂಡಿತು. ಅತ್ತೆ ಕೊಡ ಹಿಡಿದು ನಲ್ಲಿಗೆ ಬಂದರೂ ನಂಬಲಿಲ್ಲ. ಸೊಸೆ ತೋರಿಸಲಿಕ್ಕೆ ಅಂತ ಎಬ್ಬಿಸಿ ಕಳಿಸಿದ್ದಾಳೆ ಎಂದರು. ಇನ್ನು ನನ್ನ ತಲೆಗೆ ಹೊಳೆದ ಉಪಾಯ ಕೇಳಿ. ನಾನೇ ಹೋಗಿ ಸೆಲ್ವಿಯ ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವಂತೆ ಕೂತು ನಾಲ್ಕು ಇಡ್ಲಿ ತಿಂದೆ. ನರ್ಸೇ ತಿಂದಳು ಎಂದರೆ ಜನಕ್ಕೆ ಧೈರ್ಯ ಬರುತ್ತದಲ್ಲ ಎಂದು ನನ್ನ ಲೆಕ್ಕಾಚಾರ. ಬುದ್ಧಿ ಎಲ್ಲಿ ಮೇಯಲಿಕ್ಕೆ ಹೋಗಿತ್ತೋ! ವ್ಯಾನಿನವಳು ಮತ್ತೆ ಬಂದಿದ್ದಾಳೆ, ಮನೆಯೊಳಗಿನವರ ಹಾಗೆ ಕೂತಿದ್ದಾಳೆ ಎಂದು ಉಳಿದ ಗಿರಾಕಿಗಳೂ ಹೋದರು.

ಮರುವಾರ ತಪ್ಪು ಮಾಡಿದ ಸಂಕಟ ತಡೆಯಲಾಗದೆ ಸೆಲ್ವಿಯ ಹತ್ತಿರ ಒಂದು ಡಬ್ಬಿ ಇಡ್ಲಿ ಕಟ್ಟಿಸಿಕೊಂಡು ಗಿರಿಜಮ್ಮನ ಮನೆಗೆ ಹೋದೆ. ಅವತ್ತು ತಡವಾಗಿ ಹನ್ನೊಂದು ಗಂಟೆಯಾಗಿತ್ತು. ಡ್ರೆಸ್ಸಿಂಗು ಮುಗಿದ ಮೇಲೆ ವಿದ್ಯಾ ಇಡ್ಲಿ ಕಿವುಚಿ ಅಮ್ಮನ ಬಾಯಿಗಿಟ್ಟಳು. ಗಿರಿಜಮ್ಮ ಎರಡು ತುತ್ತು ತಿಂದರು, ಮೂರನೆಯದಕ್ಕೆ ಕೈ ಅಡ್ಡ ಹಿಡಿದರು.

"ಇದು ಸೆಲ್ವಿ ಇಡ್ಲಿ ಅಲ್ವಾ ಸಿಸ್ಟರ್?"

"ಹೂಂ."

"ಹನ್ನೊಂದು ಗಂಟೆಗೆ ಎಲ್ಲಿಂದ ಬಂತು? ನಮ್ಮ ವಿದ್ಯಾ ಎಂಟೂಕಾಲಿಗೆ ಓಡಿದ್ರೂ ಸಿಗ್ತಿರ್ಲಿಲ್ಲ."

ನಾನು ಡ್ರೆಸ್ಸಿಂಗ್ ಪೆಟ್ಟಿಗೆ ಮುಚ್ಚಿದೆ, ತೆಗೆದೆ, ಮತ್ತೆ ಮುಚ್ಚಿದೆ. ಗಿರಿಜಮ್ಮ ನನ್ನನ್ನೇ ನೋಡುತ್ತಿದ್ದರು. ಎಷ್ಟೋ ಜನರ ಮುಂದೆ ಮುಖ ಗಟ್ಟಿ ಮಾಡಿಕೊಂಡವಳು ನಾನು, ಆ ಹೊತ್ತು ಆಗಲಿಲ್ಲ. ಕಣ್ಣಲ್ಲಿ ನೀರು ಬಂತು. ವಿದ್ಯಾ ತಲೆ ತಗ್ಗಿಸಿ, "ಅಮ್ಮಾ, ವ್ಯಾನು ಅವರ ಮನೆ ಮುಂದೆ ನಿಲ್ತಿತ್ತು. ಅವರತ್ತೆಗೇ ಕಾಯಿಲೆ ಅಂತ ಎಲ್ಲಾ ಹೇಳ್ತಾರೆ. ಯಾರೂ ಇಡ್ಲಿ ತಗೋತಿಲ್ಲ" ಎಂದಳು. ಆ ಹುಡುಗಿಗೆ ಮೊದಲೇ ಗೊತ್ತಿತ್ತು. ನನ್ನ ಹಾಗೆಯೇ ನುಂಗಿಕೊಂಡು ಕೂತಿದ್ದಳು.

ಗಿರಿಜಮ್ಮ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ನಿದ್ದೆ ಬಂತೇನೋ ಎಂದುಕೊಂಡೆ. ಆಮೇಲೆ, "ಬರೋ ಗುರುವಾರ ವ್ಯಾನು ನಮ್ಮ ಬಾಗಿಲಿಗೆ ತರಿಸಿ ಸಿಸ್ಟರ್. ಹಿತ್ತಲ ಬಾಗಿಲಿಗಲ್ಲ, ಮುಂದಿನ ಬಾಗಿಲಿಗೆ" ಎಂದರು.

ಆ ದಿನ ಪಾಳಿ ಬದಲಾಗಿ ಶಿವಾನಂದಪ್ಪ ಮನೆಯಲ್ಲೇ ಇದ್ದರು. "ಗಿರಿಜಾ, ತಲೆ ಕೆಟ್ಟಿದ್ಯಾ? ಮಗಳ ಸಂಬಂಧ..." ಎಂದು ಎದ್ದು ನಿಂತರು.

"ಮುಚ್ಚಿಟ್ಟು ಕೊಟ್ರೆ ನಾಳೆ ಅವರು ಇವಳನ್ನೇ ಕೇಳ್ತಾರೆ. ಉತ್ತರ ಹೇಳೋಕೆ ನಾನಂತೂ ಇರಲ್ಲ ರೀ. ಅವಳ ಮದುವೆ ಮಾಡೋಕೆ ಇನ್ನೊಬ್ಬಳ ಒಲೆ ಆರಿಸ್ಲಾ ನಾನು?"

ಶಿವಾನಂದಪ್ಪ ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದರು, ಕಣ್ಣು ಕೆಂಪಗಿತ್ತು.

ಗುರುವಾರ ಅನ್ವರ್ ವ್ಯಾನನ್ನು ಗಿರಿಜಮ್ಮನ ಮುಂಬಾಗಿಲಿಗೆ ತಂದು ನಿಲ್ಲಿಸಿದ. ಅವತ್ತು ನಾನು ಕೊರಳಿಗೆ ಕಾರ್ಡು ಹಾಕಿಕೊಂಡೇ ಇಳಿದೆ. ಗಿರಿಜಮ್ಮ ಮಿಂದು, ವಿಭೂತಿ ಹಚ್ಚಿ, ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಬೀದಿಗೆ ಕಾಣುವಂತೆ ಕೂತಿದ್ದರು. ಕೂರುವುದಕ್ಕೇ ಎಷ್ಟು ನೋವಿತ್ತು ಎಂದು ನನಗೆ ಗೊತ್ತು. ಕಿಟಕಿಗಳು ಒಂದೊಂದೇ ತೆರೆದುಕೊಂಡವು. ಸಂದಿಯಿಂದ ಸೆಲ್ವಿಯೂ ಬಂದಳು, ಗೇಟಿನ ಹತ್ತಿರ ನಿಂತು ವ್ಯಾನನ್ನೂ ಗಿರಿಜಮ್ಮನನ್ನೂ ನೋಡಿದಳು.

"ನಿಮ್ಮನೇದಾ ಅಕ್ಕಾ?"

"ನಮ್ಮನೇದೇ ಮಾರಾಯ್ತಿ. ನಿನ್ನ ಹೊಟ್ಟೆ ಮೇಲೆ ಹೊಡೆದ್ಬಿಟ್ಟೆ. ಗೊತ್ತಿರ್ಲಿಲ್ಲ ಕಣೆ, ತಪ್ಪಾಯ್ತು."

ಸೆಲ್ವಿ ಓಡಿ ಬಂದು ಅವರ ಕಾಲ ಹತ್ತಿರ ಕೂತು ಗೊಳೋ ಎಂದು ಅತ್ತಳು. ಮರುದಿನದಿಂದ ದಿನಾ ಬೆಳಗ್ಗೆ ಮೊದಲ ಒಬ್ಬೆಯ ಇಡ್ಲಿ ಗಿರಿಜಮ್ಮನಿಗೆ. ನುಂಗಲು ಆಗದಾದ ಮೇಲೂ ಸುಮ್ಮನೆ ಬಂದು ಕೂತು ಹೋಗುತ್ತಿದ್ದಳಂತೆ. ಗಿರಾಕಿಗಳು ಮೆಲ್ಲಗೆ ತಿರುಗಿ ಬಂದರು. ತರೀಕೆರೆಯ ಸಂಬಂಧ ಮುರಿಯಿತು. ಅದನ್ನು ನಾನು ಇಲ್ಲಿ ಮುಚ್ಚಿಡುವುದಿಲ್ಲ, ಒಳ್ಳೆಯದು ಮಾಡಿದವರಿಗೆ ಒಳ್ಳೆಯದೇ ಆಯಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಹಾಗಾಗಲಿಲ್ಲ.

ನಾನು ಹೇಳಬೇಕಾದದ್ದು ಇನ್ನೊಂದಿದೆ. ಅವತ್ತು ಜಗಲಿಯಿಂದ ಎದ್ದು ಹೋಗುವಾಗ ಸೆಲ್ವಿ ನನ್ನ ಮುಂದೆ ಒಂದು ಗಳಿಗೆ ನಿಂತಳು. "ಅಕ್ಕಂಗೆ ಗೊತ್ತಿರ್ಲಿಲ್ಲ. ನಿಮಗೆ ಗೊತ್ತಿತ್ತು ಸಿಸ್ಟರ್" ಎಂದಳು. ಅಷ್ಟೇ. ಮತ್ತೆ ನನ್ನ ಹತ್ತಿರ ಮಾತಾಡಲಿಲ್ಲ. ಅನ್ವರ್‌ಗೆ ಮೊದಲಿನ ಹಾಗೆ ಪ್ಲೇಟು ಎತ್ತಿಡುತ್ತಿದ್ದಳು, ನನ್ನನ್ನು ಕಂಡರೆ ಒಳಗೆ ಹೋಗುತ್ತಿದ್ದಳು. ಮೇಡಂ ಹೇಳಿದ್ದು ಸರಿ, ಸೆಲ್ವಿ ಹೇಳಿದ್ದೂ ಸರಿ. ಇದಕ್ಕೆ ಪರಿಹಾರ ಕೇಳಬೇಡಿ, ನನ್ನ ಹತ್ತಿರ ಇಲ್ಲ. ನನ್ನಿಂದ ಆದದ್ದು ಇಷ್ಟೇ, ಆ ವರ್ಷ ಹದಿನೇಳನೆಯ ನಿಯಮ ಬರೆಸಿದೆ.

ಗಿರಿಜಮ್ಮ ಹೋದ ಹನ್ನೊಂದನೆಯ ದಿನ ಶಿವಗಣಾರಾಧನೆಗೆ ಬರಲೇಬೇಕು ಎಂದು ವಿದ್ಯಾ ಫೋನು ಮಾಡಿದಳು. ಹೋದೆ. ಬಂದ ನೆಂಟರಿಗೆಲ್ಲ ನನ್ನನ್ನು ತೋರಿಸಿ, "ಇವರು ಸರೋಜ ಸಿಸ್ಟರ್. ನಮ್ಮಮ್ಮನ್ನ ಕೊನೇ ತನಕ ನೋಡ್ಕೊಂಡೋರು" ಎಂದಳು. ನನ್ನ ನಿಜವಾದ ಹೆಸರು, ನಿಜವಾದ ಕೆಲಸ ಹೇಳಿ ಪಂಕ್ತಿಯಲ್ಲಿ ಕೂರಿಸಿದ್ದು ಅದೇ ಮೊದಲು, ಅದೇ ಕೊನೆ. ಅದೇ ಪಂಕ್ತಿಯಲ್ಲಿ ನಾಲ್ಕು ಎಲೆ ಆಚೆ ಸೆಲ್ವಿ ಕೂತಿದ್ದಳು. ಪಾಯಸ ಬಂತು, ಮಜ್ಜಿಗೆ ಬಂತು. ಅವಳು ಈ ಕಡೆ ತಿರುಗಲಿಲ್ಲ.

ಈಗೆಲ್ಲ ಬಹಳ ಬದಲಾಗಿದೆ. ಕೇಸ್ ಶೀಟು ಹೋಗಿ ಟ್ಯಾಬ್ ಬಂದಿದೆ, ಗಾಯವನ್ನು ಫೋನಿನಲ್ಲೇ ಮೇಡಂಗೆ ತೋರಿಸುತ್ತೀರಂತೆ. ಕಾಯಿಲೆಯ ಹೆಸರನ್ನು ಜನ ಬಾಯಿ ಬಿಟ್ಟು ಹೇಳುತ್ತಾರೆ, ವೇಷ ಹಾಕುವ ಪ್ರಮೇಯ ಕಡಿಮೆ. ಒಳ್ಳೆಯದಾಯಿತು. ನಾನು ಕೆಲಸ ಬಿಟ್ಟು ಇಲ್ಲೇ ಶಿವಮೊಗ್ಗದ ಗೋಪಾಳದಲ್ಲಿ ಎರಡು ರೂಮಿನ ಬಾಡಿಗೆ ಮನೆ ಮಾಡಿಕೊಂಡು ಎರಡು ವರ್ಷವಾಯಿತು. ಮದುವೆಯಾಗಲಿಲ್ಲ, ಅದಕ್ಕೆ ಕಾರಣ ಬೇರೆ, ಈ ಬರಹಕ್ಕೆ ಬೇಡ. ಬೆಳಗ್ಗೆ ಐದಕ್ಕೆ ಈಗಲೂ ಎಚ್ಚರವಾಗುತ್ತದೆ. ಎಲ್ಲಿಗೆ ಹೋಗಬೇಕು? ಎದುರುಮನೆಯ ಸುಜಾತ ಗೇಟಿನ ಹತ್ತಿರ ಸಿಕ್ಕರೆ "ಊಟ ಆಯ್ತಾ?" ಎನ್ನುತ್ತಾಳೆ, ನಾನು "ಆಯ್ತು" ಎನ್ನುತ್ತೇನೆ. ಯಾರ ಮನೆಯೊಳಗೂ ನಾನು ಹೋಗಿಲ್ಲ, ಹೋದ ಗುರುವಾರದ ತನಕ ನನ್ನ ಮನೆಯೊಳಗೆ ಯಾರೂ ಬಂದಿರಲಿಲ್ಲ. ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದವರಿಗೆ ಆಸ್ಪತ್ರೆಯಲ್ಲಿ ಎಂದಷ್ಟೇ ಹೇಳಿದ್ದೇನೆ. ಇದ್ದದ್ದು ಹೇಳಿದರೆ ಅಯ್ಯೋ ಎಂದು ಒಂದು ಹೆಜ್ಜೆ ಹಿಂದೆ ಹೋಗುತ್ತಾರೆ. ಅಷ್ಟು ವರ್ಷ ಊರ ತುಂಬ ಮನೆಮನೆಯ ಅಡುಗೆಮನೆ ತನಕ ಹೋಗಿ ಬಂದವಳಿಗೆ ಹೋಗಿ ಕೂರಲು ಒಂದು ಮನೆ ಇಲ್ಲ. ಬೇಜಾರಾಗುತ್ತದೆ. ಆಗುವುದಿಲ್ಲ ಎಂದು ಸುಳ್ಳು ಯಾಕೆ ಹೇಳಲಿ?

ಹೋದ ಗುರುವಾರ ಅನ್ವರ್ ಬಂದನಲ್ಲ, ಬೆವರು ಒರೆಸಿಕೊಳ್ಳುತ್ತಾ ನಡೆದುಕೊಂಡು ಬಂದ. "ವ್ಯಾನೆಲ್ಲೋ?" ಎಂದೆ. "ಆ ಕಡೆ, ಪಾರ್ಕಿನ ಹತ್ರ" ಎಂದ. ಎರಡು ಬೀದಿ ಆಚೆ.

"ಹೋಗಿ ಇಲ್ಲಿಗೆ ತಗೊಂಡು ಬಾ. ನಮ್ಮ ಗೇಟಿನ ಮುಂದೇ ನಿಲ್ಲಿಸು."

"ಅರೆ ಸಿಸ್ಟರ್! ನಿಮ್ದೇ ರೂಲ್ಸು. ನೋಡಿದೋರು ಏನಂತಾರೆ?"

"ಮನೆಯವರು ತಾವಾಗಿ ಹೇಳಿದ ಹೊರತು ಅಂತ ಬರೆದಿದೆ, ಸರಿಯಾಗಿ ಓದು. ಮನೆಯವಳು ನಾನೇ ಹೇಳ್ತಿದೀನಿ ಮಾರಾಯ."

ತಂದು ನಿಲ್ಲಿಸಿದ. ಒಂದು ಗಂಟೆ ಕೂತು ಹಳೆಯದೆಲ್ಲ ಮಾತಾಡಿದೆವು. ಸೆಲ್ವಿ ಈಗಲೂ ಇಡ್ಲಿ ಮಾಡುತ್ತಾಳಂತೆ. ನನ್ನನ್ನು ಕೇಳಿದಳಾ ಎಂದು ಕೇಳಬೇಕು ಅನ್ನಿಸಿತು, ಕೇಳಲಿಲ್ಲ. ಅವನು ಹೊರಟು ಹತ್ತು ನಿಮಿಷವಾಗಿರಲಿಲ್ಲ, ಗೇಟು ಸದ್ದಾಯಿತು. ಸುಜಾತ. ಅವಳ ಹಿಂದೆ ಅವಳ ಅತ್ತೆ. ಅವರ ಹಿಂದೆ ಮೇಲಿನ ಮನೆಯ ಹೆಂಗಸು, ಕೈಯಲ್ಲಿ ಎರಡು ಎಳನೀರು. ಮೂವರ ಮುಖವೂ ಬಿಳಿಚಿಕೊಂಡಿತ್ತು.

"ಸರೋಜಮ್ಮಾ, ಆ ವ್ಯಾನು ಬಂದಿತ್ತಲ್ಲ..." ಎಂದು ಸುಜಾತ ಬಾಗಿಲಲ್ಲೇ ನಿಂತಳು. "ಇಷ್ಟು ದಿನ ಒಂದು ಮಾತೂ ಹೇಳ್ಲಿಲ್ವಲ್ಲ ನೀವು."

"ಒಳಗೆ ಬನ್ನಿ, ಮೊದಲು ಕೂತ್ಕೊಳ್ಳಿ" ಎಂದೆ.

ಮನೆಯಲ್ಲಿದ್ದದ್ದು ಎರಡೇ ಕುರ್ಚಿ, ಒಬ್ಬರು ಮಂಚದ ಮೇಲೆ ಕೂತರು. ಸುಜಾತ ನನ್ನ ಕೈ ಹಿಡಿದುಕೊಂಡಳು, ಅವಳ ಅತ್ತೆ ಬೆನ್ನು ಸವರಿದರು. ನನಗೆ ಏನೂ ಆಗಿಲ್ಲ, ಗಟ್ಟಿಮುಟ್ಟಾಗಿದ್ದೇನೆ ಎಂದು ಆ ಕ್ಷಣವೇ ಹೇಳಬೇಕಿತ್ತು. ನೀವಾದರೆ ನನ್ನ ಹಾಗೆ ಮಾಡಬೇಡಿ. ನಾನು ಎದ್ದು ಅಡುಗೆಮನೆಗೆ ಹೋಗಿ ನಾಲ್ಕು ಲೋಟ ಕಾಫಿ ಮಾಡಿ ತಂದೆ. ಅವರು ಕುಡಿದು ಮುಗಿಸುವ ತನಕ ನಿಜ ಹೇಳಲಿಲ್ಲ.